ಮೊಮ್ಮಕ್ಕಳ ಭೇಟಿ ಮತ್ತು ಸುಪರ್ದಿ: ಅಜ್ಜ ಅಜ್ಜಿಯರಿಗೆ ಕಾನೂನಿನ ದಾರಿ

ಮಗ ತೀರಿಹೋದ ಮೇಲೆ ಸೊಸೆ ಮಗುವನ್ನು ಕರೆದುಕೊಂಡು ತವರಿಗೆ ಹೋಗಿದ್ದಾಳೆ, ಫೋನ್ ಎತ್ತುತ್ತಿಲ್ಲ. ಇಲ್ಲವೇ ಮಗಳು ಹೋದಳು, ಅಳಿಯ ಮರುಮದುವೆಯಾದ, ಹುಟ್ಟಿದಾಗಿನಿಂದ ನಿಮ್ಮ ಮಡಿಲಲ್ಲೇ ಬೆಳೆದ ಮಗುವನ್ನು ಈಗ ಕಳಿಸಿಕೊಡಿ ಅನ್ನುತ್ತಿದ್ದಾನೆ. ಇಲ್ಲವೇ ಮಗ ಸೊಸೆ ಇಬ್ಬರೂ ಇದ್ದಾರೆ, ವಿಚ್ಛೇದನದ ಕೇಸು ನಡೆಯುತ್ತಿದೆ, ಅವರ ಜಗಳದಲ್ಲಿ ಮೊಮ್ಮಗು ನಿಮ್ಮ ಕಣ್ಣಿಗೆ ಬಿದ್ದೇ ವರ್ಷವಾಗಿದೆ. ಈ ಮೂರೂ ಮನೆಗಳ ಹಿರಿಯರು ವಕೀಲರ ಮುಂದೆ ಕೂತು ಕೇಳುವುದು ಒಂದೇ ಮಾತು: "ನಮಗೇನೂ ಹಕ್ಕಿಲ್ಲವಾ ಸಾರ್?"

ಇದ್ದುದನ್ನು ಇದ್ದ ಹಾಗೆ ಹೇಳುವುದಾದರೆ, ಮೊಮ್ಮಕ್ಕಳನ್ನು ಅಜ್ಜ ಅಜ್ಜಿಗೆ ತೋರಿಸಲೇಬೇಕು ಎಂದು ಹೇಳುವ ಪ್ರತ್ಯೇಕ ಕಾಯ್ದೆ ಭಾರತದಲ್ಲಿಲ್ಲ. 2015ರಲ್ಲಿ ಕೇಂದ್ರ ಕಾನೂನು ಆಯೋಗ ತನ್ನ 257ನೇ ವರದಿಯಲ್ಲಿ, ಸುಪರ್ದಿಯ, ಅಂದರೆ ಮಗು ಯಾರ ಬಳಿ ಇರಬೇಕೆಂಬ, ಆದೇಶ ಮಾಡುವಾಗ ಮಗು ಅಜ್ಜ ಅಜ್ಜಿಯರ ಜೊತೆ ಕಳೆಯಬೇಕಾದ ಸಮಯವನ್ನೂ ಗಮನಿಸಬೇಕೆಂದು ಶಿಫಾರಸು ಮಾಡಿತ್ತು. ಅದು ಶಿಫಾರಸಾಗಿಯೇ ಉಳಿದಿದೆ. ಹಾಗಂತ ಬಾಗಿಲು ಮುಚ್ಚಿಲ್ಲ. 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯ 8ನೇ ಸೆಕ್ಷನ್ ಪ್ರಕಾರ ಮಗುವಿನ ಯಾವುದೇ ಸಂಬಂಧಿಕರು, ಸ್ನೇಹಿತರು ಕೂಡ, ಪಾಲಕತ್ವದ ಅರ್ಜಿ ಹಾಕಬಹುದು. 1984ರ ಕುಟುಂಬ ನ್ಯಾಯಾಲಯಗಳ ಕಾಯ್ದೆಯ 7ನೇ ಸೆಕ್ಷನ್ ಮಗುವಿನ ಪಾಲಕತ್ವ, ಸುಪರ್ದಿ, ಮಗುವನ್ನು ಭೇಟಿಯಾಗುವ ಅವಕಾಶ, ಈ ಮೂರನ್ನೂ ಕುಟುಂಬ ನ್ಯಾಯಾಲಯದ ವ್ಯಾಪ್ತಿಗೆ ತಂದಿದೆ. ತಂದೆ ತಾಯಿ ಮಾತ್ರ ಕೇಳಬೇಕೆಂದು ಅಲ್ಲಿ ಬರೆದಿಲ್ಲ. ಅಜ್ಜ ಅಜ್ಜಿಯರಿಗೆ ಭೇಟಿಯ ಅವಕಾಶ ಕೊಟ್ಟ ಆದೇಶಗಳು ಬರುವುದು ಈ ದಾರಿಯಲ್ಲಿಯೇ.

ಆದರೆ ನ್ಯಾಯಾಧೀಶರು ಅಳೆಯುವುದು ನಿಮ್ಮ ನೋವನ್ನಲ್ಲ, ಮಗುವಿನ ಹಿತವನ್ನು. 1956ರ ಹಿಂದೂ ಅಪ್ರಾಪ್ತರ ಪಾಲಕತ್ವ ಕಾಯ್ದೆಯ 13ನೇ ಸೆಕ್ಷನ್ ಮಗುವಿನ ಕ್ಷೇಮವೇ ಎಲ್ಲಕ್ಕಿಂತ ಮೇಲು ಅನ್ನುತ್ತದೆ. "ನಾವು ಮುದುಕರು, ಇನ್ನೆಷ್ಟು ದಿನ ಇರುತ್ತೇವೋ, ಮೊಮ್ಮಗನ ಮುಖ ನೋಡಬೇಕು" ಎಂದು ಬರೆದ ಅರ್ಜಿ ಮನಸ್ಸು ಕರಗಿಸಬಹುದು, ಕೇಸು ಗೆಲ್ಲಿಸುವುದಿಲ್ಲ. "ಅಪ್ಪನನ್ನು ಕಳೆದುಕೊಂಡ ಮಗುವಿಗೆ ಅಪ್ಪನ ಮನೆಯೂ ತಪ್ಪಿಹೋಗಬಾರದು" ಎಂಬ ಅರ್ಜಿಗೆ ತೂಕವಿದೆ. ಮುಂದೆ ಹೇಳುವ ಪ್ರತಿ ಹಂತದಲ್ಲೂ ಈ ವ್ಯತ್ಯಾಸ ನೆನಪಿರಲಿ.

ಮೊದಲ ಹಂತ: ಕೇಳಬೇಕಾದದ್ದು ಭೇಟಿಯೋ ಸುಪರ್ದಿಯೋ

ಹೆಚ್ಚಿನವರು ಎಡವುವುದು ಇಲ್ಲೇ. ಸಿಟ್ಟಿನಲ್ಲಿ ಸುಪರ್ದಿಗೇ ಅರ್ಜಿ ಹಾಕುತ್ತಾರೆ. ಅದು ವಜಾ ಆಗುವ ಹೊತ್ತಿಗೆ ವರ್ಷಗಳು ಕಳೆದು, ಕೇಳಿದ್ದರೆ ಸಿಗಬಹುದಾಗಿದ್ದ ಭೇಟಿಯ ಅವಕಾಶವೂ ಕೈಬಿಟ್ಟು ಹೋಗಿರುತ್ತದೆ.

ತಂದೆ ತಾಯಿಯಲ್ಲಿ ಒಬ್ಬರು ಬದುಕಿದ್ದು, ಮಗುವನ್ನು ಸರಿಯಾಗಿ ನೋಡಿಕೊಳ್ಳುತ್ತಿದ್ದರೆ ಸುಪರ್ದಿಯ ಆಸೆ ಬಿಡಿ. 1890ರ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ, ಬದುಕಿರುವ ತಂದೆ ಅಥವಾ ತಾಯಿ ಅನರ್ಹರೆಂದು ಕೋರ್ಟಿಗೆ ಅನಿಸದ ಹೊರತು ಬೇರೆಯವರನ್ನು ಮಗುವಿನ ಪಾಲಕರಾಗಿ ನೇಮಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಮುಂದೆ ಬಂದ ಪ್ರಕರಣದಲ್ಲಿ ತಾಯಿ ಕಾಯಿಲೆಯಿಂದ ತೀರಿಕೊಂಡಿದ್ದರು, ಮಗು ತಾಯಿಯ ಒಡಹುಟ್ಟಿದವರ ಬಳಿ ಇತ್ತು. ಕೋರ್ಟ್ ಮಗುವನ್ನು ತಂದೆಗೆ ಒಪ್ಪಿಸಿತು. 2025ರ ಫೆಬ್ರವರಿಯಲ್ಲಿ ತಾಯಿಯ ಕಡೆಯ ಅಜ್ಜ ಅಜ್ಜಿ ಮತ್ತು ತಂದೆಯ ನಡುವಿನ ಪ್ರಕರಣದಲ್ಲೂ, ಸ್ವಾಭಾವಿಕ ಪಾಲಕನಾದ ತಂದೆಗಿಂತ ಅಜ್ಜ ಅಜ್ಜಿಯರಿಗೆ ಹೆಚ್ಚಿನ ಅಧಿಕಾರವಿಲ್ಲ ಎಂದು ಹೇಳಿತು.

ಸೊಸೆ ಮರುಮದುವೆಯಾದಳು ಎಂಬುದನ್ನೇ ದೊಡ್ಡ ಆಯುಧ ಅಂದುಕೊಳ್ಳುವವರಿದ್ದಾರೆ. ಮರುಮದುವೆಯೊಂದೇ ಆಕೆಯನ್ನು ಅನರ್ಹಳನ್ನಾಗಿ ಮಾಡುವುದಿಲ್ಲ. 2022ರ ಜುಲೈನಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಪ್ರಕರಣ ಶುರುವಾದದ್ದೂ ತಂದೆಯ ಕಡೆಯ ಅಜ್ಜ ಅಜ್ಜಿಯರ ಪಾಲಕತ್ವದ ಅರ್ಜಿಯಿಂದಲೇ. ಕೊನೆಗೆ ಉಳಿದ ಪ್ರಶ್ನೆ ಮಗುವಿನ ಮನೆತನದ ಹೆಸರಿನದು. ತಂದೆ ಸತ್ತ ಮೇಲೆ ತಾಯಿಯೇ ಸ್ವಾಭಾವಿಕ ಪಾಲಕಿ, ಮಗುವಿಗೆ ಯಾವ ಹೆಸರು ಸೇರಿಸಬೇಕೆಂದು ತೀರ್ಮಾನಿಸುವವಳು ಅವಳೇ ಎಂದಿತು ಕೋರ್ಟ್. ಆದ್ದರಿಂದ ಮರುಮದುವೆಯನ್ನು ಅರ್ಜಿಯಲ್ಲಿ ಕೆದಕಬೇಡಿ. ಹಾಗೆ ಕೆದಕಿದರೆ ಇನ್ನೊಂದು ಕಡೆಯವರು "ಇವರ ಕೈಗೆ ಮಗು ಕೊಟ್ಟರೆ ಅಮ್ಮನ ಮೇಲೆ ಚಾಡಿ ಹೇಳಿಕೊಡುತ್ತಾರೆ" ಅನ್ನಲು ನೀವೇ ಕಾರಣ ಕೊಟ್ಟಂತೆ.

ಸುಪರ್ದಿ ಕೇಳಲು ನಿಜವಾದ ಬಲ ಬರುವುದು ಮೂರು ಸಂದರ್ಭಗಳಲ್ಲಿ. ತಂದೆ ತಾಯಿ ಇಬ್ಬರೂ ಇಲ್ಲದಿದ್ದಾಗ. ಇರುವವರ ನಡತೆ ಅಥವಾ ಸ್ಥಿತಿ ಮಗುವಿಗೆ ಅಪಾಯವಾದಾಗ. ಮಗು ಎಳವೆಯಿಂದ ನಿಮ್ಮಲ್ಲೇ ಬೆಳೆದು, ಕಿತ್ತು ಬೇರೆಡೆ ಹಾಕಿದರೆ ನಲುಗುತ್ತದೆ ಎಂದು ತೋರಿಸಬಲ್ಲಿರಾದಾಗ. 2008ರ ಪ್ರಕರಣವೊಂದರಲ್ಲಿ ತಂದೆಯ ಮೇಲೆ ಮಗುವಿನ ತಾಯಿಯ ವರದಕ್ಷಿಣೆ ಸಾವಿನ ಆರೋಪವಿತ್ತು. ಕೆಳಗಿನ ಎರಡೂ ಕೋರ್ಟುಗಳು ತಂದೆಯ ಪರ ಹೇಳಿದ್ದವು. ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿ, ಪಾಲಕನಾಗುವವನ ನಡತೆಯನ್ನೂ ಮಗುವಿನ ಇಷ್ಟವನ್ನೂ ನೋಡಲೇಬೇಕೆಂದು ಹೇಳಿ ಹುಡುಗನನ್ನು ತಾಯಿಯ ತಂದೆ ತಾಯಿಯರ ಬಳಿಯೇ ಉಳಿಸಿತು. 2009ರ ಇನ್ನೊಂದರಲ್ಲಿ ಹೆರಿಗೆಯ ನಂತರ ತಾಯಿ ತೀರಿಕೊಂಡು ಮಗು ಅಜ್ಜಿಯ ಕೈಯಲ್ಲೇ ಬೆಳೆದಿತ್ತು. ಅಲ್ಲಿ ಸುಪರ್ದಿ ಅಜ್ಜಿಗೆ, ಭೇಟಿ ತಂದೆಗೆ.

ಮುಸ್ಲಿಂ ಕುಟುಂಬಗಳಲ್ಲಿ ಲೆಕ್ಕ ಸ್ವಲ್ಪ ಬೇರೆ. ಹನಫಿ ಪದ್ಧತಿಯ ಹಿಜಾನತ್ ನಿಯಮದಂತೆ ಎಳೆಯ ಮಗುವನ್ನು ನೋಡಿಕೊಳ್ಳುವ ಅಧಿಕಾರ ತಾಯಿಯ ನಂತರ ತಾಯಿಯ ತಾಯಿಗೆ, ಆಮೇಲೆ ತಂದೆಯ ತಾಯಿಗೆ ಬರುತ್ತದೆ. ಆಸ್ತಿಯ ಪಾಲಕತ್ವದಲ್ಲಿ ತಂದೆ ಮತ್ತು ಆತ ಉಯಿಲಿನಲ್ಲಿ ಹೆಸರಿಸಿದವರ ನಂತರ ತಂದೆಯ ತಂದೆಗೆ ಸ್ಥಾನವಿದೆ. ಅರ್ಜಿ ಹೋಗುವುದು ಮಾತ್ರ ಅದೇ 1890ರ ಕಾಯ್ದೆಯಡಿ, ಅಳತೆಗೋಲೂ ಮಗುವಿನ ಕ್ಷೇಮವೇ.

ಎರಡನೇ ಹಂತ: ಕೋರ್ಟಿಗೆ ಮುಂಚೆ ಕೇಳಿ ನೋಡಿ, ಬರಹದಲ್ಲಿ

ಬೀಗರ ಜೊತೆ ಮಾತು ನಿಂತಿದ್ದರೂ ಒಂದು ಪ್ರಯತ್ನ ಮಾಡಿ. ಫೋನಿನಲ್ಲಿ ಬೇಡ, ಅಲ್ಲಿ ಮಾತಿಗೆ ಮಾತು ಬೆಳೆಯುತ್ತದೆ. ವಾಟ್ಸಾಪ್ ಸಂದೇಶವೇ ಮೇಲು. "ಪುಟ್ಟಿಗೆ ಪರೀಕ್ಷೆ ಮುಗೀತೇನಮ್ಮ? ಬರೋ ಭಾನುವಾರ ಒಂದು ಗಂಟೆ ಬಂದು ನೋಡ್ಕೊಂಡು ಹೋಗ್ಲಾ? ನಿನಗೆ ಯಾವ ಹೊತ್ತು ಅನುಕೂಲ ಹೇಳು, ನಿಮ್ಮನೇಲೇ ಆದರೂ ಸರಿ." ಇಷ್ಟು ಸಾಕು. ಹಳೆಯ ಲೆಕ್ಕ, ಒಡವೆ, ಇನ್ಶೂರೆನ್ಸ್ ಹಣ, ಯಾವುದೂ ಈ ಸಂದೇಶದಲ್ಲಿ ಇಣುಕಬಾರದು. ಒಪ್ಪಿದರೆ ಒಳ್ಳೆಯದೇ. ಉತ್ತರ ಬರದಿದ್ದರೆ ವಾರ ಬಿಟ್ಟು ಅಷ್ಟೇ ಮೃದುವಾಗಿ ಇನ್ನೊಮ್ಮೆ ಕೇಳಿ. ಮುಂದೆ ಪಾಟೀಸವಾಲಿನಲ್ಲಿ "ನೀವು ಒಮ್ಮೆಯೂ ಮಗುವನ್ನು ವಿಚಾರಿಸಲಿಲ್ಲ ಅಲ್ಲವೇ?" ಎಂದು ಕೇಳಿದಾಗ ಈ ಸಂದೇಶಗಳೇ ನಿಮ್ಮ ಉತ್ತರ. ಇದೇ ಕಾರಣಕ್ಕೆ ಸಿಟ್ಟಿನ ಒಂದು ವಾಯ್ಸ್ ಮೆಸೇಜ್ ನಿಮ್ಮ ಇಡೀ ಕೇಸನ್ನು ಕೆಡಿಸಬಹುದು.

ಮಾತು ನಡೆಯದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಬಿಳಿ ಹಾಳೆಯ ಮೇಲೆ ಒಂದು ಅರ್ಜಿ ಕೊಡಿ. ಕಚೇರಿ ಸಾಮಾನ್ಯವಾಗಿ ಕೋರ್ಟ್ ಆವರಣದಲ್ಲೇ ಇರುತ್ತದೆ, ತಾಲ್ಲೂಕಿನಲ್ಲಿ ತಾಲ್ಲೂಕು ಕಾನೂನು ಸೇವಾ ಸಮಿತಿ ಇರುತ್ತದೆ. ಅವರು ಇನ್ನೊಂದು ಕಡೆಯವರನ್ನು ಕರೆಸಿ, ಕೇಸು ದಾಖಲಾಗುವ ಮುಂಚೆಯೇ ಮಧ್ಯಸ್ಥಿಕೆಗೆ ಕೂರಿಸುವ ವ್ಯವಸ್ಥೆ ಇದೆ. ಇಲ್ಲೇ ಇನ್ನೊಂದು ಮಾತು: 1987ರ ಕಾನೂನು ಸೇವೆಗಳ ಪ್ರಾಧಿಕಾರಗಳ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಮಹಿಳೆಯರಿಗೆ ಉಚಿತ ವಕೀಲರ ನೆರವು ಸಿಗುತ್ತದೆ, ಆದಾಯದ ಮಿತಿ ಅಡ್ಡ ಬರುವುದಿಲ್ಲ. ಅಂದರೆ ಅಜ್ಜಿ ಅರ್ಜಿದಾರರಾದರೆ ವಕೀಲರ ಖರ್ಚಿನ ಭಾರ ತಪ್ಪುತ್ತದೆ. ಅನೇಕ ಮನೆಗಳಲ್ಲಿ ಅಜ್ಜನ ಹೆಸರಲ್ಲೇ ಎಲ್ಲ ಕಾಗದ ಮಾಡಿಸುವ ರೂಢಿ ಇದೆ, ಈ ಒಂದು ಕಡೆ ಅದನ್ನು ಬದಲಿಸಿದರೆ ಲಾಭವೇ. ಮಾಹಿತಿಗೆ ಸಹಾಯವಾಣಿ 15100.

ಊರ ಹಿರಿಯರು ಕೂತು ಛಾಪಾ ಕಾಗದದ ಮೇಲೆ ಬರೆಸುವ ಒಪ್ಪಂದ ಎಷ್ಟೋ ಕಡೆ ಉಂಟು. ಅದಕ್ಕೆ ಸಾಕ್ಷ್ಯವಾಗಿ ಬೆಲೆ ಇದೆ, ಕೋರ್ಟಿನ ಆದೇಶದ ಬಲ ಇಲ್ಲ. ನೋಟರಿ ಮೊಹರು ಬಿದ್ದರೂ ಇಲ್ಲ. "ಮಗುವನ್ನು ಇವರಿಗೆ ಬಿಟ್ಟುಕೊಟ್ಟಿದ್ದೇನೆ" ಎಂದು ತಾಯಿ ಬಾಂಡ್ ಪೇಪರಿನಲ್ಲಿ ಬರೆದುಕೊಟ್ಟರೂ ನಾಳೆ ಬಂದು ಕೇಳಿದರೆ ಕೋರ್ಟ್ ಮತ್ತೆ ಮೊದಲಿನಿಂದ ಮಗುವಿನ ಹಿತವನ್ನೇ ನೋಡುತ್ತದೆ. ಒಪ್ಪಂದ ಆಯಿತೆಂದರೆ ಅದನ್ನು ಅರ್ಜಿಯ ಮೂಲಕ ರಾಜಿ ಪತ್ರವಾಗಿ ಕೋರ್ಟಿಗೆ ಸಲ್ಲಿಸಿ, ಆದೇಶವಾಗಿ ಮಾಡಿಸಿಕೊಳ್ಳಿ.

ಮೂರನೇ ಹಂತ: ಕಾಗದ ಕೂಡಿಸುವುದು

ಸಂಬಂಧ ತೋರಿಸುವ ಕಾಗದಗಳು ಸುಲಭ: ಮಗುವಿನ ಜನನ ಪ್ರಮಾಣಪತ್ರ, ಮಗ ಅಥವಾ ಮಗಳ ಮರಣ ಪ್ರಮಾಣಪತ್ರ, ಅವರ ಮದುವೆಯ ದಾಖಲೆ, ನಿಮ್ಮ ಗುರುತಿನ ಚೀಟಿ, ನಾಡಕಚೇರಿಯಿಂದ ವಂಶವೃಕ್ಷ. ಕಷ್ಟವಿರುವುದು ಒಡನಾಟ ತೋರಿಸುವ ಕಾಗದಗಳಲ್ಲಿ. 1890ರ ಕಾಯ್ದೆಯ 17ನೇ ಸೆಕ್ಷನ್ ಕೋರ್ಟಿಗೆ ನೋಡಲು ಹೇಳುವ ಅಂಶಗಳಲ್ಲಿ ಮಗುವಿನ ಜೊತೆ ನಿಮಗೆ ಈಗ ಇರುವ ಮತ್ತು ಹಿಂದೆ ಇದ್ದ ಸಂಬಂಧವೂ ಒಂದು. ತೀರಿಹೋದ ತಂದೆ ಅಥವಾ ತಾಯಿಯ ಇಚ್ಛೆ ಇನ್ನೊಂದು. ಹಾಗಾಗಿ ಲಸಿಕೆ ಹಾಕಿಸಿದ ತಾಯಿ ಕಾರ್ಡು, ಆಸ್ಪತ್ರೆಯ ಚೀಟಿಯಲ್ಲಿ ಜೊತೆಗೆ ಬಂದವರು ಎಂದು ನಿಮ್ಮ ಹೆಸರು, ಶಾಲೆಯ ಫೀಸು ಕಟ್ಟಿದ ರಸೀದಿ, ಪೋಷಕರ ಸಭೆಗೆ ಸಹಿ ಹಾಕಿದ ಡೈರಿ, ಅಂಗನವಾಡಿಯ ದಾಖಲೆ, ಹುಟ್ಟುಹಬ್ಬದ ಫೋಟೊ ಮಾತ್ರವಲ್ಲದೆ ದಿನನಿತ್ಯದ ಫೋಟೊಗಳು, ಎಲ್ಲವನ್ನೂ ತಾರೀಖಿನ ಪ್ರಕಾರ ಜೋಡಿಸಿ. ಆಸ್ಪತ್ರೆಯಲ್ಲಿದ್ದಾಗ ಮಗಳು "ಅಮ್ಮಾ, ಇವಳನ್ನ ನೀನೇ ನೋಡ್ಕೋ" ಎಂದು ಕಳಿಸಿದ ಒಂದು ಸಾಲಿನ ಸಂದೇಶವಿದ್ದರೆ ಆ ಫೋನನ್ನು ಜೋಪಾನವಾಗಿಡಿ, ಮಾರಬೇಡಿ, ಫಾರ್ಮ್ಯಾಟ್ ಮಾಡಿಸಬೇಡಿ.

ನಾಲ್ಕನೇ ಹಂತ: ಎಲ್ಲಿ, ಹೇಗೆ ಅರ್ಜಿ

ಮಗು ಸಾಮಾನ್ಯವಾಗಿ ಎಲ್ಲಿ ವಾಸಿಸುತ್ತದೋ ಆ ಊರಿನ ಕೋರ್ಟಿಗೇ ಹೋಗಬೇಕು. ಇದು ಅದೇ 1890ರ ಕಾಯ್ದೆಯ 9ನೇ ಸೆಕ್ಷನ್ನಿನ ನಿಯಮ. ನೀವು ದಾವಣಗೆರೆಯಲ್ಲಿದ್ದು ಮಗು ಅಮ್ಮನ ಜೊತೆ ಮಂಗಳೂರಿನಲ್ಲಿ ಶಾಲೆಗೆ ಹೋಗುತ್ತಿದ್ದರೆ ಕೇಸು ಮಂಗಳೂರಿನಲ್ಲಿ. ಓಡಾಟ ಕಷ್ಟವೆಂದು ನಿಮ್ಮೂರಲ್ಲೇ ಹಾಕಿದರೆ ಆರು ತಿಂಗಳ ನಂತರ "ಈ ಕೋರ್ಟಿಗೆ ವ್ಯಾಪ್ತಿ ಇಲ್ಲ" ಎಂಬ ಆದೇಶ ಕೈಗೆ ಬರಬಹುದು. ಕುಟುಂಬ ನ್ಯಾಯಾಲಯ ಇರುವ ಕಡೆ ಅಲ್ಲಿ, ಇಲ್ಲದ ಕಡೆ ಜಿಲ್ಲಾ ನ್ಯಾಯಾಲಯದಲ್ಲಿ. ವಕೀಲರ ಬಾಯಲ್ಲಿ ಇದು "ಜಿ ಅಂಡ್ ಡಬ್ಲ್ಯೂ ಕೇಸು".

ಮೊಮ್ಮಕ್ಕಳು ವಿದೇಶದಲ್ಲೇ ನೆಲೆಸಿದ್ದರೆ ಇಲ್ಲಿನ ಕೋರ್ಟು ಹೆಚ್ಚೇನೂ ಮಾಡಲಾರದು. ಅಲ್ಲಿನ ವಕೀಲರನ್ನೇ ಕೇಳಬೇಕು.

ಅರ್ಜಿಯಲ್ಲಿ ಏನಿರಬೇಕು ಎಂಬುದನ್ನು 10ನೇ ಸೆಕ್ಷನ್ ಪಟ್ಟಿ ಮಾಡಿದೆ: ಮಗುವಿನ ಹೆಸರು, ಹುಟ್ಟಿದ ದಿನ, ಧರ್ಮ, ವಾಸಸ್ಥಳ, ಹತ್ತಿರದ ಸಂಬಂಧಿಕರು ಯಾರು ಎಲ್ಲಿದ್ದಾರೆ, ಮಗು ಈಗ ಯಾರ ಬಳಿ ಇದೆ, ಮಗುವಿನ ಹೆಸರಲ್ಲಿ ಆಸ್ತಿ ಇದೆಯೇ, ಯಾಕೆ ಅರ್ಜಿ ಹಾಕಬೇಕಾಯಿತು. ಪಾಲಕರಾಗಲು ಕೇಳುತ್ತಿದ್ದರೆ "ನಾನು ಒಪ್ಪಿದ್ದೇನೆ" ಎಂಬ ಹೇಳಿಕೆಗೆ ನೀವು ಸಹಿ ಹಾಕಿ, ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿಯನ್ನೂ ಹಾಕಿಸಬೇಕು. ಈ ಚಿಕ್ಕ ಹಾಳೆ ಮರೆತುಹೋಗಿ ಆಕ್ಷೇಪಣೆ ಬೀಳುವುದುಂಟು. ಆಸ್ತಿಯ ವಿವರ ಮುಚ್ಚಿಡಬೇಡಿ. ಮಗನ ಅಪಘಾತ ಪರಿಹಾರದ ಹಣ ಮಗುವಿನ ಹೆಸರಲ್ಲಿದೆ ಎಂಬುದು ಇನ್ನೊಂದು ಕಡೆಯವರ ಬಾಯಿಂದ ಮೊದಲು ಹೊರಬಿದ್ದರೆ, ನೀವು ಬಂದದ್ದೇ ಹಣಕ್ಕೆ ಎಂಬ ಅನುಮಾನ ಕೊನೆಯವರೆಗೂ ಕಾಡುತ್ತದೆ.

ಮಗ ಸೊಸೆಯ ನಡುವೆ ವಿಚ್ಛೇದನದ ಕೇಸು ನಡೆಯುತ್ತಿದ್ದರೆ ಬೇರೆಯದೇ ಕೇಸು ಹಾಕುವ ಮುಂಚೆ ಒಂದು ಸುಲಭದ ದಾರಿ ನೋಡಿ. ಮಗನಿಗೆ ಭೇಟಿಯ ಆದೇಶ ಆಗುವಾಗ "ಅರ್ಜಿದಾರರು ಮತ್ತು ಅವರ ತಂದೆ ತಾಯಿ" ಎಂಬ ಪದಗಳನ್ನು ಸೇರಿಸಲು ಅವನ ವಕೀಲರಿಗೆ ಹೇಳಿ. ಈ ಸಾಲು ಇಲ್ಲದೆ ಭೇಟಿಯ ದಿನ ಅಜ್ಜ ಅಜ್ಜಿ ಬಾಗಿಲ ಹೊರಗೆ ಕಾದು ನಿಲ್ಲಬೇಕಾಗುತ್ತದೆ. ಮಗನಿಗೇ ಭೇಟಿಯಲ್ಲಿ ಆಸಕ್ತಿ ಇಲ್ಲವಾದರೆ ಮಾತ್ರ ನಿಮ್ಮದೇ ಅರ್ಜಿ ಬೇಕು.

ಐದನೇ ಹಂತ: ಭೇಟಿ ಕೇಳುವಾಗ ಕರಾರುವಾಕ್ಕಾಗಿ ಕೇಳಿ

"ಮೊಮ್ಮಗನನ್ನು ನೋಡಲು ಅವಕಾಶ ಕೊಡಿಸಬೇಕು" ಎಂಬ ಒಂದೇ ಸಾಲಿನ ಬೇಡಿಕೆ ಸಾಲದು. ಆದೇಶದಲ್ಲಿ ಏನು ಬರೆದಿದೆಯೋ ಅಷ್ಟೇ ಸಿಗುತ್ತದೆ, ಅಸ್ಪಷ್ಟವಾಗಿದ್ದರೆ ಅಷ್ಟೂ ಸಿಗುವುದಿಲ್ಲ. ಬೇಡಿಕೆಯನ್ನು ಹೀಗೆ ಬರೆಸಬಹುದು:

"ಪ್ರತಿ ತಿಂಗಳ ಎರಡನೇ ಮತ್ತು ನಾಲ್ಕನೇ ಶನಿವಾರ ಬೆಳಿಗ್ಗೆ 10ರಿಂದ ಸಂಜೆ 5ರವರೆಗೆ; ಮಗುವನ್ನು ಪ್ರತಿವಾದಿಯ ಮನೆಯಿಂದ ಅರ್ಜಿದಾರರು ಕರೆದೊಯ್ದು ಅಲ್ಲಿಗೇ ತಂದುಬಿಡುವುದು; ಆ ದಿನ ಮಗುವಿಗೆ ಹುಷಾರಿಲ್ಲದಿದ್ದರೆ ಅಥವಾ ಪರೀಕ್ಷೆ ಇದ್ದರೆ ಮುಂದಿನ ಶನಿವಾರ; ಪ್ರತಿ ಬುಧವಾರ ಮತ್ತು ಭಾನುವಾರ ಸಂಜೆ 7ಕ್ಕೆ ಹತ್ತು ನಿಮಿಷ ವಿಡಿಯೊ ಕರೆ; ಬೇಸಿಗೆ ರಜೆಯಲ್ಲಿ ಒಂದು ವಾರ, ದಸರಾ ರಜೆಯಲ್ಲಿ ಮೂರು ದಿನ; ಮಗುವಿನ ತಂದೆಯ ವರ್ಷಾಬ್ದಿಕದ ದಿನ ಎರಡು ಗಂಟೆ."

ಪ್ರತಿ ತುಣುಕಿಗೂ ಕಾರಣವಿದೆ. "ತಿಂಗಳಿಗೆ ಎರಡು ಬಾರಿ" ಎಂದಷ್ಟೇ ಬರೆದರೆ ಯಾವ ದಿನ ಎಂಬುದೇ ಮುಂದಿನ ಜಗಳ. ಯಾರು ಕರೆತರಬೇಕು ಎಂದು ಬರೆಯದಿದ್ದರೆ "ನೀವೇ ಕಳಿಸಿ, ನೀವೇ ಬನ್ನಿ" ಎಂದು ವಾರ ಕಳೆಯುತ್ತದೆ. ತಪ್ಪಿದ ಭೇಟಿಗೆ ಬದಲಿ ದಿನ ಇಲ್ಲದಿದ್ದರೆ ಪ್ರತಿ ಎರಡನೇ ಶನಿವಾರವೂ ಮಗುವಿಗೆ ಜ್ವರ ಬರಬಹುದು! ವಿಡಿಯೊ ಕರೆಯನ್ನು ಸಣ್ಣದೆಂದು ಬಿಡಬೇಡಿ. 2020ರ ತೀರ್ಪೊಂದರಲ್ಲಿ ಸುಪ್ರೀಂ ಕೋರ್ಟ್ ಮಗು ಜೊತೆಗಿಲ್ಲದ ತಂದೆ ಅಥವಾ ತಾಯಿಗೆ ಮುಖತಃ ಭೇಟಿಯ ಜೊತೆ ಫೋನ್, ವಿಡಿಯೊ ಕರೆಯ ಸಂಪರ್ಕವೂ ಇರಬೇಕೆಂದು ಹೇಳಿದೆ. ಅದೇ ತರ್ಕವನ್ನು ನಿಮ್ಮ ಅರ್ಜಿಯಲ್ಲೂ ಮುಂದಿಡಬಹುದು. ದೂರದ ಊರಿನ, ಮಂಡಿನೋವಿನ ಅಜ್ಜಿಗೆ ನಿಜಕ್ಕೂ ಕೈಗೆ ಸಿಗುವುದು ಇದೇ.

ಮಗು ನಿಮ್ಮನ್ನು ನೋಡಿ ಬಹಳ ದಿನವಾಗಿದ್ದರೆ, ಇಲ್ಲವೇ ಸೊಸೆ ನಿಮ್ಮ ಮೇಲೆ ಕಿರುಕುಳದ ಕೇಸು ಹಾಕಿದ್ದರೆ, ಮೊದಲ ದಿನವೇ ರಾತ್ರಿ ತಂಗುವ ಅವಕಾಶ ಕೇಳಬೇಡಿ. ಕೋರ್ಟಿನ ಮಕ್ಕಳ ಕೊಠಡಿಯಲ್ಲಿ, ಸಮಾಲೋಚಕರ ಎದುರಿಗೆ ಒಂದೆರಡು ಗಂಟೆಯಿಂದ ಶುರು ಮಾಡಿ, ಮೂರು ತಿಂಗಳ ನಂತರ ಹೊರಗೆ, ಆಮೇಲೆ ಮನೆಗೆ ಎಂದು ಮೆಟ್ಟಿಲು ಮೆಟ್ಟಿಲಾಗಿ ಕೇಳಿ. ಇಂಥ ಅರ್ಜಿಗೆ ಇನ್ನೊಂದು ಕಡೆಯ ವಕೀಲರೂ ಹೆಚ್ಚು ತಕರಾರು ಮಾಡಲಾಗುವುದಿಲ್ಲ. ಬಾಕಿ ಇರುವ ಕೇಸು ತಾನಾಗಿಯೇ ಭೇಟಿಗೆ ತಡೆಯಲ್ಲ, ಆದರೆ ಅದನ್ನು ಅರ್ಜಿಯಲ್ಲಿ ನೀವೇ ತಿಳಿಸಿರಬೇಕು.

ಮುಖ್ಯ ಅರ್ಜಿಯ ಜೊತೆಗೇ ಮಧ್ಯಂತರ ಅರ್ಜಿ, ಅಂದರೆ ಐಎ, ಹಾಕಿಸಿ. 1890ರ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಕೇಸು ಮುಗಿಯುವ ಮುಂಚೆಯೇ ಮಗುವನ್ನು ಕೋರ್ಟಿನ ಮುಂದೆ ಹಾಜರುಪಡಿಸಲು, ತಾತ್ಕಾಲಿಕ ಸುಪರ್ದಿಗೆ ಆದೇಶ ಮಾಡಬಹುದು. ಅಂತಿಮ ತೀರ್ಪಿಗೆ ವರ್ಷಗಳೇ ಹಿಡಿಯಬಹುದು. ಐದು ವರ್ಷದ ಮಗು ಅಷ್ಟರಲ್ಲಿ ನಿಮ್ಮನ್ನು ಮರೆತೇಬಿಟ್ಟಿರುತ್ತದೆ. ಹಾಗಾಗಿ ಮಧ್ಯಂತರ ಆದೇಶಕ್ಕೇ ಹೆಚ್ಚು ಶ್ರಮ ಹಾಕಿ ಎಂಬುದು ನನ್ನ ಖಚಿತ ಸಲಹೆ.

ಆರನೇ ಹಂತ: ವಿಚಾರಣೆ

ಕುಟುಂಬ ನ್ಯಾಯಾಲಯ ಮೊದಲು ರಾಜಿಗೆ ನೋಡುತ್ತದೆ, ಅದು ಕಾಯ್ದೆಯೇ ಹೊರಿಸಿದ ಕರ್ತವ್ಯ. ಅಲ್ಲಿ ಸಮಾಲೋಚಕರ ಮುಂದೆ ಬೀಗರನ್ನು ಬೈಯಲು ಕೂರಬೇಡಿ.

ತಿಳಿವಳಿಕೆ ಬಂದ ಮಗುವಾದರೆ ನ್ಯಾಯಾಧೀಶರು ತಮ್ಮ ಕೊಠಡಿಗೆ ಕರೆದು ಒಂಟಿಯಾಗಿ ಮಾತಾಡಿಸುತ್ತಾರೆ. "ಅಜ್ಜಿ ಬೇಕಾ, ಅಪ್ಪ ಬೇಕಾ?" ಎಂದು ನೇರ ಕೇಳುವುದು ಕಡಿಮೆ. ಯಾವ ಕ್ಲಾಸು, ಜಡೆ ಹಾಕಿದ್ದು ಯಾರು, ರಾತ್ರಿ ಹೆದರಿಕೆಯಾದರೆ ಯಾರ ಹತ್ತಿರ ಹೋಗ್ತೀಯ, ಹೋಂವರ್ಕ್ ಯಾರು ಮಾಡಿಸ್ತಾರೆ ಎಂದು ಸುತ್ತಿ ಬಳಸಿ ಕೇಳುತ್ತಾರೆ. "ಪ್ರತಿವಾದಿಯು ನನ್ನನ್ನು ನಿರ್ಲಕ್ಷಿಸಿದ್ದಾರೆ" ಎಂಬ ಧಾಟಿಯ ಮಾತು ಏಳು ವರ್ಷದ ಹುಡುಗಿಯ ಬಾಯಲ್ಲಿ ಬಂದರೆ ಯಾರು ಹೇಳಿಕೊಟ್ಟರು ಎಂಬುದು ಆ ಕ್ಷಣವೇ ಗೊತ್ತಾಗುತ್ತದೆ. ಹಿಂದಿನ ದಿನ ಮಗುವಿಗೆ ಏನನ್ನೂ ಕಲಿಸಬೇಡಿ. "ಜಡ್ಜ್ ಮಾಮ ಮಾತಾಡಿಸ್ತಾರೆ, ನಿನಗೆ ಅನಿಸಿದ್ದು ಹೇಳು" ಅಂದರೆ ಸಾಕು.

ಸುಪರ್ದಿ ಕೇಳಿದ್ದರೆ ನಿಮ್ಮ ವಯಸ್ಸಿನ ಬಗ್ಗೆ ಪ್ರಶ್ನೆ ಬಂದೇ ಬರುತ್ತದೆ. 2022ರ ಜೂನ್‌ನಲ್ಲಿ ಸುಪ್ರೀಂ ಕೋರ್ಟ್ ತೀರ್ಮಾನಿಸಿದ ಪ್ರಕರಣ ಇಲ್ಲಿ ಕೆಲಸಕ್ಕೆ ಬರುತ್ತದೆ. ಕೋವಿಡ್‌ನಲ್ಲಿ ತಂದೆ ತಾಯಿ ಇಬ್ಬರನ್ನೂ ಕಳೆದುಕೊಂಡ ಬಾಲಕನನ್ನು ಗುಜರಾತ್ ಹೈಕೋರ್ಟ್ ಸರ್ಕಾರಿ ನೌಕರಿಯಲ್ಲಿದ್ದ ತಾಯಿಯ ತಂಗಿಗೆ ಒಪ್ಪಿಸಿತ್ತು. ಸುಪ್ರೀಂ ಕೋರ್ಟ್ ಅದನ್ನು ಬದಲಿಸಿ ತಂದೆಯ ಕಡೆಯ ಅಜ್ಜ ಅಜ್ಜಿಗೆ ಕೊಟ್ಟಿತು. ಆದಾಯ, ವಯಸ್ಸು, ದೊಡ್ಡ ಕುಟುಂಬ ಇವಷ್ಟನ್ನೇ ತೂಗಿ ಅಜ್ಜ ಅಜ್ಜಿಯರನ್ನು ತಳ್ಳಿಹಾಕುವಂತಿಲ್ಲ ಎಂಬುದು ಅದರ ಸಾರ. ಚಿಕ್ಕಮ್ಮನಿಗೆ ಭೇಟಿಯ ಅವಕಾಶ ಉಳಿಯಿತು.

ತೀರ್ಪು ಇದೆಯೆಂದು ಸುಮ್ಮನಿರುವುದಲ್ಲ. "ನೀವು ಹಾಸಿಗೆ ಹಿಡಿದರೆ ಮಗುವನ್ನು ಯಾರು ನೋಡುತ್ತಾರೆ?" ಎಂಬುದಕ್ಕೆ ಕಾಗದದ ಮೇಲೆ ಉತ್ತರ ಇರಲಿ. ಉಯಿಲು ಬರೆದು ಮಗುವಿಗೆ ಪಾಲಕರನ್ನು ನೇಮಿಸುವ ಅಧಿಕಾರ 1956ರ ಕಾಯ್ದೆಯಲ್ಲಿ ತಂದೆ ತಾಯಿಗೆ ಮಾತ್ರ ಇದೆ, ನಿಮಗಿಲ್ಲ. ಆದ್ದರಿಂದ ಮಗುವಿನ ಚಿಕ್ಕಪ್ಪನನ್ನೋ ಸೋದರಮಾವನನ್ನೋ, ನಂಬಿಕೆಯವರನ್ನು, ಮೊದಲೇ ಜಂಟಿ ಅರ್ಜಿದಾರರನ್ನಾಗಿ ಸೇರಿಸುವ ಬಗ್ಗೆ ವಕೀಲರನ್ನು ಕೇಳಿ. ಜೊತೆಗೆ ವೈದ್ಯರ ಪ್ರಮಾಣಪತ್ರ, ಪಿಂಚಣಿ ಅಥವಾ ಜಮೀನಿನ ಆದಾಯದ ದಾಖಲೆ, ಮನೆಯಿಂದ ಶಾಲೆ ಎಷ್ಟು ದೂರ ಎಂಬಂಥ ಸಣ್ಣ ವಿವರ ಕೊಡಿ.

ಇನ್ನೊಂದು ಕಡೆಯವರು ಅನರ್ಹರು ಎಂದು ವಾದಿಸುವುದಾದರೆ ಸಾಕ್ಷ್ಯ ಬೇಕು. "ಕುಡುಕ" ಅಂದರೆ ಆಗದು. ಪೊಲೀಸ್ ದೂರು, ಆಸ್ಪತ್ರೆ ದಾಖಲೆ, ಶಾಲೆಯ ಶಿಕ್ಷಕಿಯ ಮಾತು, ಮಗು ತಿಂಗಳುಗಟ್ಟಲೆ ಗೈರುಹಾಜರಾದ ಹಾಜರಿ ಪುಸ್ತಕ, ಹೀಗೆ ಮೂರನೆಯವರ ಕೈಬರಹ ಇರುವ ಯಾವುದಾದರೂ ಬೇಕು.

ತುರ್ತು ಬಂದಾಗ

ಮಗುವಿಗೆ ಹೊಡೆಯುತ್ತಿದ್ದಾರೆ, ಊಟ ಹಾಕುತ್ತಿಲ್ಲ, ದುಡಿಸುತ್ತಿದ್ದಾರೆ ಎಂಬ ಸುದ್ದಿ ಇದ್ದರೆ ಪಾಲಕತ್ವದ ಕೇಸಿಗೆ ಕಾಯಬೇಡಿ. ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಗೆ ಬರೆದುಕೊಡಿ. 2015ರ ಬಾಲನ್ಯಾಯ ಕಾಯ್ದೆಯಡಿ ಆ ಸಮಿತಿಗೆ ಮಗುವನ್ನು ರಕ್ಷಿಸಿ ಯೋಗ್ಯರ ಆರೈಕೆಗೆ ಒಪ್ಪಿಸುವ ಅಧಿಕಾರವಿದೆ. ಕಾನೂನಿನ ಹಕ್ಕೇ ಇಲ್ಲದವರು ಮಗುವನ್ನು ಒಯ್ದು ಮುಚ್ಚಿಟ್ಟಿದ್ದರೆ ಹೈಕೋರ್ಟಿನಲ್ಲಿ ಹೇಬಿಯಸ್ ಕಾರ್ಪಸ್ ಅರ್ಜಿ, ಅಂದರೆ ಮಗುವನ್ನು ಕೋರ್ಟಿನ ಮುಂದೆ ತಂದು ನಿಲ್ಲಿಸಿ ಎಂದು ಕೇಳುವ ಅರ್ಜಿ. ಬೆಂಗಳೂರು, ಧಾರವಾಡ, ಕಲಬುರಗಿ, ಎಲ್ಲಿ ನಿಮ್ಮ ಜಿಲ್ಲೆ ಬರುತ್ತದೋ ಅಲ್ಲಿ. ಅಮ್ಮನ ಬಳಿಯೇ ಇರುವ ಮಗುವಿಗಾಗಿ ಈ ಅರ್ಜಿ ಹಾಕಿದರೆ ನಿಲ್ಲುವುದು ಕಷ್ಟ.

ಶಾಲೆ ಬಿಡುವ ಹೊತ್ತಿಗೆ ಹೋಗಿ ಮಗುವನ್ನು ಸುಮ್ಮನೆ ಕರೆದುಕೊಂಡು ಬಂದುಬಿಡೋಣ ಎಂಬ ಯೋಚನೆ ಬಂದರೆ ಅಲ್ಲೇ ಬಿಡಿ. ಕಾನೂನುಬದ್ಧ ಪಾಲಕರ ಒಪ್ಪಿಗೆ ಇಲ್ಲದೆ ಮಗುವನ್ನು ಒಯ್ಯುವುದು ಭಾರತೀಯ ನ್ಯಾಯ ಸಂಹಿತೆಯ 137ನೇ ಸೆಕ್ಷನ್ನಿನಡಿ ಅಪಹರಣದ ದೂರಿಗೆ ದಾರಿ. ಎಪ್ಪತ್ತರ ವಯಸ್ಸಿನಲ್ಲಿ ಠಾಣೆ ಮೆಟ್ಟಿಲು ಹತ್ತುವುದಿರಲಿ, ಭೇಟಿಯ ಕೇಸೂ ಅಲ್ಲಿಗೆ ಮುಗಿದಂತೆ.

ಎಸಿ ಕಚೇರಿಯ ಬಗ್ಗೆಯೂ ಒಂದು ಮಾತು. ಹಿರಿಯ ನಾಗರಿಕರ 2007ರ ಕಾಯ್ದೆಯಡಿ ಉಪವಿಭಾಗಾಧಿಕಾರಿಗಳ ಮುಂದೆ ಜೀವನಾಂಶ ಕೇಳಬಹುದು, ಬರೆದುಕೊಟ್ಟ ಆಸ್ತಿ ವಾಪಸ್ ಕೇಳಬಹುದು. ಮೊಮ್ಮಕ್ಕಳನ್ನು ತೋರಿಸಿ ಎಂಬ ಆದೇಶ ಅಲ್ಲಿ ಆಗುವುದಿಲ್ಲ. ಹಿರಿಯರ ಕಾಯ್ದೆ ತಾನೇ ಎಂದು ಹೋಗಿ ತಿಂಗಳುಗಳನ್ನು ಕಳೆಯುವವರಿದ್ದಾರೆ.

ಆದೇಶ ಕೈಗೆ ಬಂದ ಮೇಲೆ

ಭೇಟಿಯ ಆದೇಶ ಇದ್ದೂ ಮಗುವನ್ನು ಕಳಿಸದಿದ್ದರೆ ಪ್ರತಿ ಬಾರಿಯೂ ಹೋಗಿ, ಕಾದು, ಸಮಯ ಸಹಿತ ಒಂದು ಸಂದೇಶ ಕಳಿಸಿ ಬನ್ನಿ: "10ರಿಂದ 11ರವರೆಗೆ ಗೇಟಿನ ಹತ್ತಿರ ಇದ್ದೆವು." ಅಲ್ಲಿ ಕೂಗಾಡಬೇಡಿ. ಮೂರ್ನಾಲ್ಕು ಬಾರಿ ಹೀಗಾದ ಮೇಲೆ ಆದೇಶ ಜಾರಿಗೆ ಅದೇ ಕೋರ್ಟಿಗೆ ಅರ್ಜಿ ಹಾಕಿಸಿ. 1890ರ ಕಾಯ್ದೆಯ 12ನೇ ಸೆಕ್ಷನ್ನಿನಂತೆ ಮಗುವನ್ನು ಹಾಜರುಪಡಿಸು ಎಂದರೂ ಮಾಡದವರಿಗೆ 45ನೇ ಸೆಕ್ಷನ್ನಿನಲ್ಲಿ ದಂಡವಿದೆ. ಬ್ರಿಟಿಷರ ಕಾಲದ ಮೊತ್ತವಾದ್ದರಿಂದ ಅದು ಇಂದಿಗೂ ನೂರು ರೂಪಾಯಿಯೇ. ಆದರೆ ಒಪ್ಪುವವರೆಗೆ ಸಿವಿಲ್ ಬಂಧನದಲ್ಲಿಡುವ ಅಧಿಕಾರವೂ ಅದೇ ಸೆಕ್ಷನ್ನಿನಲ್ಲಿದೆ, ಕೆಲಸ ಮಾಡುವುದು ಆ ಭಯ.

ಸುಪರ್ದಿ ಸಿಕ್ಕರೆ ಹೊಣೆಗಳೂ ಬರುತ್ತವೆ. ಕೋರ್ಟ್ ನೇಮಿಸಿದ ಪಾಲಕರು ಅನುಮತಿ ಇಲ್ಲದೆ ಮಗುವನ್ನು ಆ ಕೋರ್ಟಿನ ವ್ಯಾಪ್ತಿಯಿಂದ ಹೊರಗೆ ಒಯ್ದು ನೆಲೆಸುವ ಹಾಗಿಲ್ಲ. ಮಗುವಿನ ಹೆಸರಿನ ಜಮೀನು, ಮನೆಯನ್ನು ಮಾರಲು, ಅಡವಿಡಲು ಮೊದಲೇ ಅನುಮತಿ ಬೇಕು. ಮಗುವಿನ ಹಣಕ್ಕೆ ಪ್ರತ್ಯೇಕ ಖಾತೆ, ಪ್ರತ್ಯೇಕ ಪುಸ್ತಕ ಇಡಿ.

ಖರ್ಚಿನ ಚಿಂತೆ ಇದ್ದರೆ ಎರಡು ಕಡೆ ನೋಡಬಹುದು. ತಂದೆ ಬದುಕಿದ್ದು ಮಗು ನಿಮ್ಮ ಬಳಿ ಇದ್ದರೆ ಮಗುವಿನ ಪರವಾಗಿ ಆತನಿಂದ ಜೀವನಾಂಶ ಕೇಳಬಹುದು, ಈಗ ಅದು ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 144ನೇ ಸೆಕ್ಷನ್. ಇನ್ನೊಂದು, ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯ ಪ್ರಾಯೋಜಕತ್ವ. ಅನಾಥರಾಗಿ ಬಂಧುಗಳ ಮನೆಯಲ್ಲಿ ಬೆಳೆಯುತ್ತಿರುವ ಮಕ್ಕಳಿಗೂ ಇದು ಅನ್ವಯಿಸುತ್ತದೆ, ಮಗುವಿಗೆ ತಿಂಗಳಿಗೆ 4,000 ರೂಪಾಯಿ. ಕುಟುಂಬದ ವಾರ್ಷಿಕ ಆದಾಯದ ಮಿತಿ ಗ್ರಾಮೀಣ ಪ್ರದೇಶದಲ್ಲಿ 72,000, ಉಳಿದೆಡೆ 96,000 ರೂಪಾಯಿ. ಅರ್ಜಿ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ.

ಅರ್ಜಿ ವಜಾ ಆದರೆ ಕುಟುಂಬ ನ್ಯಾಯಾಲಯದ ಅಂತಿಮ ಆದೇಶದ ಮೇಲೆ 30 ದಿನದೊಳಗೆ ಹೈಕೋರ್ಟಿಗೆ ಮೇಲ್ಮನವಿ ಹಾಕಬಹುದು. ಪ್ರಮಾಣೀಕೃತ ಪ್ರತಿಗೆ ತೀರ್ಪಿನ ದಿನವೇ ಅರ್ಜಿ ಕೊಡಿ. ಮೇಲ್ಮನವಿ ಬೇಡವೆನಿಸಿದರೂ ಸರಿ, ಸುಪರ್ದಿ, ಭೇಟಿಯ ಆದೇಶಗಳು ಕಲ್ಲಿನ ಮೇಲೆ ಕೆತ್ತಿದವಲ್ಲ. ಪರಿಸ್ಥಿತಿ ಬದಲಾದರೆ ಅವನ್ನು ಬದಲಿಸಬಹುದೆಂದು ಸುಪ್ರೀಂ ಕೋರ್ಟ್ 1973ರಲ್ಲೇ ಹೇಳಿದೆ. ಮಗು ಐದು ವರ್ಷದ್ದಿದ್ದಾಗ ಸಿಕ್ಕ ಎರಡು ಗಂಟೆಯನ್ನು ಒಂಬತ್ತು ವರ್ಷವಾದಾಗ ಇಡೀ ಬೇಸಿಗೆ ರಜೆಯಾಗಿ ವಿಸ್ತರಿಸಲು ಹೊಸ ಅರ್ಜಿ ಹಾಕಬಹುದು. ಆ ನಡುವಿನ ಯಾವ ಭೇಟಿಯೂ ನಿಮ್ಮ ಕಡೆಯಿಂದ ತಪ್ಪಿಲ್ಲ ಎಂಬ ದಾಖಲೆ ಇಟ್ಟುಕೊಂಡಿರಿ.